ಬೇಟೆಗಾರನ ಗಡಿಯಾರ

ಬೇಟೆಯ ವಿಚಾರವಾಗಿ ಬರೆಯಲು ನನಗೆ ಯಾವ ಅಧಿಕಾರವೂ ಇಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಬಲ್ಲ ಬೇಟೆಯೆಲ್ಲ ಕಾವ್ಯದೊಳಗಿನದು. ನನ್ನ ಕೈ ಹಿಡಿದಿರುವ ಅತ್ಯಂತ ಭಯಂಕರವಾದ ಆಯುಧವೆಂದರೆ ಸೀಮೆಸುಣ್ಣ. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ, ಸಭ್ಯ ಗೃಹಸ್ಥರ ಪಾಲಿಗೆ ಬೇಟೆಯೆಂಬುದು ಕೆನೆತ್ ಆಂಡರ್ಸನ್ನರ ಪುಸ್ತಕಗಳಲ್ಲಿಯೂ ಅವುಗಳನ್ನು ಕನ್ನಡಕ್ಕೆ ಇಳಿಸಿದ ತೇಜಸ್ವಿಯವರ ಕಾಡಿನ ಕತೆಗಳಲ್ಲಿಯೂ ಉಳಿದಿದೆ. ಅಷ್ಟು ಸಾಕು ಎಂಬುದು ನನ್ನ ಸ್ವಂತ ಅಭಿಪ್ರಾಯ. ಹೀಗಿದ್ದೂ ಈ ವಾರ ಬೇಟೆಯ ಮಾತು ಏಕೆ ಬಂದಿತೆಂದರೆ, ಅದಕ್ಕೆ ಕಾರಣ ನನ್ನ ತಂಗಿಯ ನೆರೆಮನೆಯವರು.

ತಂಗಿಯ ಸಂಸಾರವಿರುವುದು ಅಮೆರಿಕದ ಅಟ್ಲಾಂಟದಲ್ಲಿ. ಕಳೆದ ವರ್ಷ ಬೇಸಗೆಯ ರಜೆಯಲ್ಲಿ ಅಲ್ಲಿಗೆ ಹೋಗಿದ್ದೆ. ಅವಳ ಪಕ್ಕದ ಮನೆಯಲ್ಲಿ ಅರುವತ್ತು ದಾಟಿದ ಮಹನೀಯರೊಬ್ಬರಿದ್ದಾರೆ. ಔಷಧಿಯ ಅಂಗಡಿ ನಡೆಸಿ ನಿವೃತ್ತರಾದವರು, ಮೃದುಭಾಷಿಗಳು, ಹೂದೋಟಕ್ಕೆ ನೀರು ಹಾಯಿಸುವಾಗ ಎರೆಹುಳು ಕಾಲಿಗೆ ಸಿಕ್ಕೀತೆಂದು ನೋಡಿ ನಡೆಯುವವರು. ಅವರು ಆ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಕ್ಕೆ ಬೇಟೆಗೆ ಹೊರಟಿದ್ದಾರೆಂದು ತಿಳಿದಾಗ ನನಗೆ ನಂಬಿಕೆಯೇ ಆಗಲಿಲ್ಲ. ಇಪ್ಪತ್ತು ವರ್ಷ ಹಣ ಕೂಡಿಸಿದ್ದರಂತೆ. ಸುರುಳಿಕೊಂಬಿನ ಕುಡು ಎಂಬ ದೊಡ್ಡ ಜಾತಿಯ ಜಿಂಕೆಯೊಂದನ್ನು ಬೇಟೆಯಾಡಬೇಕೆಂಬುದು ಅವರ ಬಾಲ್ಯದ ಆಸೆ. ನನ್ನ ಮುಖದಲ್ಲಿ ಮೂಡಿದ ಅಸಮ್ಮತಿಯನ್ನು ಅವರು ಕಂಡರು, ಕಂಡೂ ಕೋಪಿಸಿಕೊಳ್ಳಲಿಲ್ಲ. ಬದಲಾಗಿ ಕಾಫಿ ಕೊಟ್ಟು, ತಮ್ಮ ಸಿದ್ಧತೆಯನ್ನೆಲ್ಲ ತೋರಿಸಿದರು.

ಅಬ್ಬ, ಆ ಸಿದ್ಧತೆ! ನಮ್ಮ ಕಡೆಯ ಮದುವೆಯ ಮನೆಯೂ ಅದರ ಮುಂದೆ ನಾಚಬೇಕು. ಬಂದೂಕಿಗೆಂದೇ ಬೀಗ ಹಾಕುವ ಗಟ್ಟಿ ಪೆಟ್ಟಿಗೆ. ಗುಂಡುಗಳಿಗೆ ಬೇರೆ ಪೆಟ್ಟಿಗೆ, ಅದರ ತೂಕ ಐದು ಕಿಲೋಗ್ರಾಂ ಮೀರಬಾರದು. ತಮ್ಮದೇ ಬಂದೂಕನ್ನು ಮರಳಿ ತಮ್ಮ ದೇಶಕ್ಕೆ ತರಲು ತಕರಾರಾಗದಂತೆ ಹೊರಡುವ ಮುನ್ನವೇ ಸುಂಕದ ಕಚೇರಿಯಲ್ಲಿ ದಾಖಲು ಮಾಡಿಸಿದ ಕಾಗದ. ಆ ಕಡೆ ಇಳಿದೊಡನೆ ದಕ್ಷಿಣ ಆಫ್ರಿಕದ ಪೊಲೀಸರಿಗೆ ಒಪ್ಪಿಸಬೇಕಾದ ೫೨೦ನೆಯ ನಮೂನೆ. ಅದನ್ನು ಕಪ್ಪು ಶಾಯಿಯಲ್ಲಿಯೇ ತುಂಬಬೇಕು, ಸಹಿಯನ್ನು ಮಾತ್ರ ಅಧಿಕಾರಿಯ ಎದುರಿನಲ್ಲಿಯೇ ಹಾಕಬೇಕು. ಪರೀಕ್ಷೆಯ ಉತ್ತರಪತ್ರಿಕೆಗೂ ಇಷ್ಟು ಕಟ್ಟಳೆಗಳನ್ನು ನಾನು ಕಂಡಿಲ್ಲ. ಒಂದು ವರ್ಷದಿಂದ ಪ್ರತಿ ಶನಿವಾರ ಗುರಿಯ ಅಭ್ಯಾಸ ನಡೆದಿತ್ತು. ಬಂದೂಕಿನ ವಿಷಯದಲ್ಲಿ ಅವರು ಮರೆತದ್ದು ಒಂದೂ ಇರಲಿಲ್ಲ.

ಪ್ರಯಾಣದ ವಿಷಯದಲ್ಲಿಯೂ ಔಷಧಿಯ ವ್ಯಾಪಾರಿಯಲ್ಲವೆ, ಸಾಕಷ್ಟು ತಿಳಿದವರೇ. ಅಟ್ಲಾಂಟದಿಂದ ಜೊಹಾನೆಸ್‌ಬರ್ಗಿಗೆ ಹದಿಮೂರು ಸಾವಿರದ ಐನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ನಡುವೆ ಎಲ್ಲಿಯೂ ನಿಲ್ಲದೆ ಸುಮಾರು ಹದಿನೈದು ಗಂಟೆಗಳ ಹಾರಾಟ. ಹಿಂದಿರುಗುವಾಗ ಇನ್ನೂ ಹೆಚ್ಚು. ಅಷ್ಟು ಹೊತ್ತು ಒಬ್ಬ ಮನುಷ್ಯ ತನ್ನ ಮೊಣಕಾಲಿಗೆ ತಾಗುವಂತೆ ಇನ್ನೊಬ್ಬನ ಬೆನ್ನನ್ನು ಇಟ್ಟುಕೊಂಡು ಕುಳಿತಿರುವುದು ಯೋಗಶಾಸ್ತ್ರದ ಯಾವ ಆಸನವೆಂದು ನಾನು ಅರಿಯೆ. ಕುಳಿತಲ್ಲಿಯೇ ಕುಳಿತರೆ ಮೀನಖಂಡದ ರಕ್ತನಾಳಗಳಲ್ಲಿ ರಕ್ತ ಮಂದವಾಗಿ ಹೆಪ್ಪುಗಟ್ಟುವ ಭಯವುಂಟು. ವಿಶ್ವ ಆರೋಗ್ಯ ಸಂಸ್ಥೆಯು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕು ಗಂಟೆ ಮೀರಿದ ಪ್ರಯಾಣದಿಂದ ಈ ಅಪಾಯ ಸುಮಾರು ಇಮ್ಮಡಿಯಾಗುತ್ತದೆ. ಗಾಬರಿ ಬೇಡ, ಇಮ್ಮಡಿಯಾದರೂ ಅದು ಆರು ಸಾವಿರ ಮಂದಿಯಲ್ಲಿ ಒಬ್ಬರಿಗೆ ಬರುವಷ್ಟು. ಅದಕ್ಕಾಗಿ ನಮ್ಮ ಮಹನೀಯರು ಕಾಲನ್ನು ಬಿಗಿದು ಹಿಡಿಯುವ ನೀಳವಾದ ಕಾಲುಚೀಲ ಕೊಂಡಿದ್ದರು. ನಡುದಾರಿಯ ಪಕ್ಕದ ಆಸನವನ್ನು ಹಣ ಕೊಟ್ಟು ಹಿಡಿದಿದ್ದರು. ಎರಡು ಗಂಟೆಗೊಮ್ಮೆ ಎದ್ದು ನಡೆಯುವುದೆಂದು ನಿಶ್ಚಯಿಸಿದ್ದರು. ವಿಮಾನದೊಳಗಿನ ಗಾಳಿಯಲ್ಲಿ ತೇವ ಶೇಕಡಾ ೨೦ಕ್ಕಿಂತಲೂ ಕಡಮೆಯಾದ್ದರಿಂದ ಕಣ್ಣು ಮೂಗು ಗಂಟಲೆಲ್ಲ ಒಣಗುತ್ತದೆ. ಅದಕ್ಕೆ ಕಣ್ಣಿನ ಹನಿ, ನೀರಿನ ಸೀಸೆ. ಒಳಗಿನ ಗಾಳಿಯ ಒತ್ತಡವಾದರೂ ನೆಲದ ಮೇಲಿನಂತೆ ಇರುವುದಿಲ್ಲ. ಹಳೆಯ ಮಾದರಿಯ ವಿಮಾನಗಳಲ್ಲಿ ಅದು ೮,೦೦೦ ಅಡಿಯ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ಹೊಸ ಮಾದರಿಯವುಗಳಲ್ಲಿ ಸುಮಾರು ೬,೦೦೦ ಅಡಿ. ಎಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಕೊಂಚ ಕೆಳಗೆ ಹದಿನೈದು ಗಂಟೆ ಕುಳಿತಂತೆ, ಆದರೆ ಗಿರಿಯ ನೋಟವೂ ಇಲ್ಲ, ತಂಗಾಳಿಯೂ ಇಲ್ಲ.

ಇಷ್ಟೆಲ್ಲ ಮಾಡಿದವರು ಒಂದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದು ಗಡಿಯಾರ.

ಇಲ್ಲಿ ಕೊಂಚ ಗಣಿತ ಮಾಡಬೇಕಾಗಿದೆ. ಕನ್ನಡದ ಮೇಷ್ಟ್ರ ಗಣಿತವಾದ್ದರಿಂದ ಓದುಗರು ಸೈರಿಸಿಕೊಳ್ಳಬೇಕು. ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕದ ಗಡಿಯಾರ ಅಟ್ಲಾಂಟಕ್ಕಿಂತ ಆರು ಗಂಟೆ ಮುಂದೆ. ಸಂಜೆ ಆರಕ್ಕೆ ವಿಮಾನವೇರಿದವನು ಹದಿನೈದು ಗಂಟೆ ಹಾರಿ ಇಳಿಯುವಾಗ ಅವನ ಮೈಗೆ ಬೆಳಗಿನ ಒಂಬತ್ತು. ಊರಿನವರಿಗೆ ಮಧ್ಯಾಹ್ನದ ಮೂರು. ಇದು ತೊಂದರೆಯೆಂದು ಮೇಲುನೋಟಕ್ಕೆ ತೋರುವುದಿಲ್ಲ. ಕಷ್ಟವಿರುವುದು ಮರುದಿನದ ಮುಂಜಾವಿನಲ್ಲಿ. ಬೇಟೆಯೆಂಬುದು ಅರುಣೋದಯದ ಕೆಲಸ. ಬೆಳಗಿನ ಆರಕ್ಕೆ ಜೀಪಿನಲ್ಲಿ ಕುಳಿತಿರಬೇಕು. ಆ ಆರು ಗಂಟೆ ಬೇಟೆಗಾರನ ಒಳಗಿನ ಗಡಿಯಾರದಲ್ಲಿ ನಡುರಾತ್ರಿಯ ಹನ್ನೆರಡು! ಮನುಷ್ಯನ ಮೈಯ ಕಾವು ಅತ್ಯಂತ ಇಳಿದು, ಬುದ್ಧಿಯೂ ಕೈಯೂ ಮಂದವಾಗಿರುವುದು ಸಾಮಾನ್ಯವಾಗಿ ಬೆಳಗಿನ ಜಾವದ ನಾಲ್ಕರ ಸುಮಾರಿಗೆ. ಅದು ಅಲ್ಲಿಯ ಲೆಕ್ಕದಲ್ಲಿ ಬೆಳಗಿನ ಹತ್ತು ಗಂಟೆ. ಬಿಸಿಲು ಹದವಾಗಿ ಏರಿ, ಪ್ರಾಣಿಗಳು ಇನ್ನೂ ನೆರಳಿಗೆ ಸರಿಯದಿರುವ ಹೊತ್ತು.

ಒಳಗಿನ ಈ ಗಡಿಯಾರ ಹಟಮಾರಿ. ಪೂರ್ವಕ್ಕೆ ಹೋದವನಲ್ಲಿ ಅದು ದಿನಕ್ಕೆ ಸುಮಾರು ಒಂದು ಗಂಟೆಯಂತೆ ಮಾತ್ರ ತಿದ್ದಿಕೊಳ್ಳುತ್ತದೆ. ಪಶ್ಚಿಮಕ್ಕೆ ಹೋದವನಿಗೆ ಕೊಂಚ ಸುಲಭ. ಏಕೆಂದರೆ ನಮ್ಮ ಮೈಯ ದಿನವು ಇಪ್ಪತ್ತನಾಲ್ಕು ಗಂಟೆಗಿಂತ ತುಸು ಉದ್ದವಾದ್ದರಿಂದ ಅದಕ್ಕೆ ಹಿಗ್ಗುವುದು ಹಿತ, ಕುಗ್ಗುವುದು ಕಷ್ಟ. ಆರು ಗಂಟೆ ತಿದ್ದಲು ಆರು ದಿನ ಬೇಕು. ಸಾಮಾನ್ಯ ಗೃಹಸ್ಥರು ಕೊಳ್ಳುವ ಬೇಟೆಯೇ ಏಳು ದಿನದ್ದು. ಬೇಟೆಗಾರನು ಪೂರ್ಣವಾಗಿ ಆಫ್ರಿಕಕ್ಕೆ ಬಂದು ಸೇರುವ ವೇಳೆಗೆ ಗಂಟುಮೂಟೆ ಕಟ್ಟುವ ದಿನ ಬಂದಿರುತ್ತದೆ. ಇನ್ನೊಂದು ವಿಚಿತ್ರವುಂಟು. ಸೂರ್ಯನ ಬೆಳಕೇ ಈ ಗಡಿಯಾರಕ್ಕೆ ಕೀಲಿಕೈ ಎನ್ನುತ್ತಾರೆ, ನಿಜ. ಆದರೆ ಮೈಯ ಕಾವು ತೀರ ಇಳಿಯುವ ಆ ಗಳಿಗೆಗೆ ಮೊದಲು ಬಿದ್ದ ಬೆಳಕು ಗಡಿಯಾರವನ್ನು ಹಿಂದಕ್ಕೂ, ಆಮೇಲೆ ಬಿದ್ದದ್ದು ಮುಂದಕ್ಕೂ ತಿರುಗಿಸುತ್ತದೆ. ಅಮೆರಿಕದ ಬೇಟೆಗಾರನಿಗೆ ಮೊದಲ ದಿನ ಬೇಕಾದದ್ದು ಹತ್ತು ಗಂಟೆಯ ಮೇಲಿನ ಬಿಸಿಲು. ಅವನು ಎದ್ದುಹೋಗಿ ಕುಡಿಯುವುದು ಉದಯದ ಬೆಳಕನ್ನು. ಗಡಿಯಾರ ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಜಗ್ಗುತ್ತದೆ.

ಜರ್ಮನಿಯ ಬೇಟೆಗಾರನು ಇವನನ್ನು ನೋಡಿ ನಗಬಹುದು. ಫ್ರಾಂಕ್‌ಫರ್ಟಿನಿಂದ ನಮೀಬಿಯದ ವಿಂಡ್‌ಹುಕ್‌ಗೆ ಹತ್ತು ಗಂಟೆಗಳ ಹಾರಾಟ. ಆದರೂ ದಾರಿ ಉತ್ತರದಿಂದ ದಕ್ಷಿಣಕ್ಕೆ, ಬೇಸಗೆಯಲ್ಲಿ ಎರಡೂ ಊರಿನ ಗಡಿಯಾರ ಒಂದೇ. ಅವನಿಗೆ ಬೆನ್ನು ನೋಯುತ್ತದೆ, ಒಂದು ರಾತ್ರಿಯ ನಿದ್ದೆ ಕೆಡುತ್ತದೆ, ಅಷ್ಟೆ. ದೂರಕ್ಕೂ ಗಡಿಯಾರಕ್ಕೂ ಸಂಬಂಧವಿಲ್ಲವೆಂಬುದನ್ನು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಹಿಂದಿನವರಿಗೆ ಈ ಪೀಡೆಯೇ ಇರಲಿಲ್ಲವೆಂಬುದು ಇನ್ನೊಂದು ಸ್ವಾರಸ್ಯ. ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಥಿಯೊಡೋರ್ ರೂಸ್‌ವೆಲ್ಟರು ೧೯೦೯ರ ಮಾರ್ಚ್ ೨೩ರಂದು ನ್ಯೂಯಾರ್ಕಿನಲ್ಲಿ ಹಡಗೇರಿ, ಇಟಲಿಯ ನೇಪಲ್ಸಿನಲ್ಲಿ ಇನ್ನೊಂದು ಹಡಗು ಹಿಡಿದು, ಏಪ್ರಿಲ್ ೨೧ರಂದು ಮೊಂಬಾಸದಲ್ಲಿ ಇಳಿದರು. ಒಂದು ತಿಂಗಳಿಗೆ ಒಂದೇ ದಿನ ಕಡಮೆ! ಪೂರ್ವಕ್ಕೆ ಸಾಗುವ ಹಡಗಿನಲ್ಲಿ ಗಡಿಯಾರವನ್ನು ದಿನದಿನಕ್ಕೆ ಚೂರುಚೂರಾಗಿ ಮುಂದಕ್ಕೆ ಸರಿಸುತ್ತಾರೆ; ಮೈಗೆ ತಿಳಿಯುವುದೇ ಇಲ್ಲ. ರೂಸ್‌ವೆಲ್ಟರು ಜೊತೆಯಲ್ಲಿ ಪುಸ್ತಕದ ಪೆಟ್ಟಿಗೆಯೊಂದನ್ನು ಒಯ್ದಿದ್ದರು. ಸುಮಾರು ಅರುವತ್ತು ಪುಸ್ತಕಗಳು. ಬೆವರು, ರಕ್ತ, ಬಂದೂಕಿನ ಎಣ್ಣೆ, ಧೂಳು ಇವಕ್ಕೆಲ್ಲ ಹೆದರದಂತೆ ಎಲ್ಲಕ್ಕೂ ಹಂದಿಯ ಚರ್ಮದ ಹೊದಿಕೆ. ಒಟ್ಟು ಭಾರ ಒಬ್ಬ ಕೂಲಿಯಾಳು ಹೊರುವಷ್ಟು. ಗಿಡದ ನೆರಳಿನಲ್ಲಿ, ಹೊಡೆದ ಪ್ರಾಣಿಯ ಪಕ್ಕದಲ್ಲಿ ಕುಳಿತು ಕೂಡ ಓದುತ್ತಿದ್ದರಂತೆ. ತಂದೆ ಮಗ ಸೇರಿ ಹೊಡೆದ ಪ್ರಾಣಿಗಳು ೫೧೨. ಬಹುಪಾಲು ವಸ್ತುಸಂಗ್ರಹಾಲಯಕ್ಕೆಂಬುದು ನಿಜವಾದರೂ ಆ ಸಂಖ್ಯೆಯನ್ನು ಓದಿದಾಗ ಪುಸ್ತಕಪ್ರಿಯರೆಂಬ ನನ್ನ ಅಭಿಮಾನ ಕೊಂಚ ಮುದುಡಿಕೊಂಡಿತು.

ಇರಲಿ. ನಮ್ಮ ನೆರೆಯವರ ಕಥೆಗೆ ಬರುತ್ತೇನೆ.

ಅವರು ಹೊರಟ ದಿನ ನಾವೆಲ್ಲ ಅಂಗಳದಲ್ಲಿ ನಿಂತು ಬೀಳ್ಕೊಟ್ಟೆವು. ಹನ್ನೊಂದನೆಯ ದಿನ ಹಿಂದಿರುಗಿದರು. ಮೊದಲ ಎರಡು ದಿನ ಹೊರಗೇ ಕಾಣಿಸಿಕೊಳ್ಳಲಿಲ್ಲ. ಮೂರನೆಯ ಸಂಜೆ ಬೇಲಿಯ ಬಳಿ ನಿಂತಿದ್ದವರು ನನ್ನನ್ನು ಕಂಡು, ‘ಕಾಫಿ?’ ಎಂದರು. ಆ ಸಂಜೆ ಅವರು ಹೇಳಿದ್ದನ್ನು ಸಾಧ್ಯವಾದಷ್ಟು ಅವರ ಧಾಟಿಯಲ್ಲಿಯೇ ತಿಳಿಸುತ್ತೇನೆ.

ವಿಮಾನದಲ್ಲಿ ಮೊದಲ ಊಟದೊಡನೆ ದ್ರಾಕ್ಷಾರಸ ಕುಡಿದರು. ಅದರ ಮೇಲೆ ನಿದ್ದೆಯ ಮಾತ್ರೆ ನುಂಗಿದರು. ಈ ಎರಡನ್ನೂ ಕೂಡಿಸಬಾರದೆಂದು ನಲವತ್ತು ವರ್ಷ ಗಿರಾಕಿಗಳಿಗೆ ಹೇಳಿದವರೇ ಅವರು! ನಾಲ್ಕು ಗಂಟೆ ಕಟ್ಟಿಗೆಯಂತೆ ಬಿದ್ದಿದ್ದರು. ಎರಡು ಗಂಟೆಗೊಮ್ಮೆ ನಡೆಯುವ ನಿಶ್ಚಯ ಅಲ್ಲಿಯೇ ಮುರಿಯಿತು. ಎಚ್ಚರವಾದಾಗ ತಲೆ ಭಾರ, ಬಾಯಿ ಒಣಗಿದ ಕೆರೆ. ಇನ್ನೂ ಹತ್ತು ಗಂಟೆ ಬಾಕಿ. ಉಳಿದ ಕಾಲವೆಲ್ಲ ಮುಂದಿನ ಪರದೆಯ ಮೇಲೆ ಅಟ್ಲಾಂಟಿಕ್ ಸಮುದ್ರದ ಮೇಲೆ ತೆವಳುವ ಪುಟ್ಟ ವಿಮಾನದ ಚಿತ್ರವನ್ನು ನೋಡುತ್ತ ಕಳೆದರು. ಇಳಿದ ಮೇಲೆ ಪೊಲೀಸರ ಕೊಠಡಿಯಲ್ಲಿ ಕಾಗದಗಳ ಪರೀಕ್ಷೆಗೆ ಎರಡು ಗಂಟೆ. ಅಲ್ಲಿಂದ ಲಿಂಪೋಪೋ ಪ್ರಾಂತ್ಯದ ಲೆಫಲಾಲೆಯ ಕಡೆಗೆ ನಾಲ್ಕು ಗಂಟೆ ಮೋಟಾರು ಪ್ರಯಾಣ. ಬಿಡಾರ ಸೇರಿದಾಗ ರಾತ್ರಿ ಹತ್ತು. ಮಲಗಿದರು; ನಿದ್ದೆ ಬರಲಿಲ್ಲ. ಬರುವುದಾದರೂ ಹೇಗೆ? ಮೈಗೆ ಇನ್ನೂ ಸಂಜೆ ನಾಲ್ಕು ಗಂಟೆ.

ಅಲ್ಲಿ ಬೇಟೆ ಮಾಡಿಸುವ ಕಸುಬಿನವನೊಬ್ಬ ಪ್ರತಿಯೊಬ್ಬ ಅತಿಥಿಯ ಜೊತೆಗಿರುತ್ತಾನೆ. ಇವರೊಡನೆ ಇದ್ದವನು ಅನುಭವಸ್ಥ. ‘ನಾಳೆ ಒಂದು ದಿನ ಸುಮ್ಮನೆ ಕಾಡು ನೋಡೋಣ, ಬಂದೂಕು ಬೇಡ’ ಎಂದನಂತೆ. ಇವರು ಒಪ್ಪಲಿಲ್ಲ. ಒಂದೊಂದು ದಿನಕ್ಕೂ ದುಡ್ಡು ತೆತ್ತಾಗಿದೆ. ಇಪ್ಪತ್ತು ವರ್ಷ ಕಾದಾಗಿದೆ. ಇನ್ನೊಂದು ದಿನವನ್ನು ಕಾಡು ನೋಡಿ ಕಳೆಯುವುದೆ? ಬೆಳಗ್ಗೆ ನೆಲ ಕಾಣುವಷ್ಟು ಬೆಳಕಾಗುತ್ತಲೇ ಮೊದಲು ಬಂದೂಕಿನ ಪರೀಕ್ಷೆ. ವಿಮಾನದಲ್ಲಿ ಪೆಟ್ಟಿಗೆಗಳನ್ನು ಎತ್ತಿ ಎಸೆದಾಡುವುದರಿಂದ ದೂರದರ್ಶಕದ ಗುರಿ ಅಲುಗಿರಬಹುದಲ್ಲವೆ? ಕಾಗದದ ಗುರಿಗೆ ಮೂರು ಗುಂಡು ಹಾರಿಸಿದರು. ಮೂರೂ ಒಂದು ರೂಪಾಯಿಯ ನಾಣ್ಯದಷ್ಟು ಜಾಗದಲ್ಲಿ ಬಿದ್ದುವು. ಬಂದೂಕು ಸರಿಯಾಗಿತ್ತು.

‘ಬಂದೂಕನ್ನು ಪರೀಕ್ಷಿಸಿದೆವು,’ ಎಂದು ಹೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಾದರು.

ಹತ್ತು ಗಂಟೆಯ ಸುಮಾರಿಗೆ ಮುಳ್ಳುಪೊದೆಯ ಅಂಚಿನಲ್ಲಿ ಕುಡು ಕಾಣಿಸಿತು. ನೂರಿಪ್ಪತ್ತು ಗಜ. ಬೂದುಬಣ್ಣದ ಮೈ, ಅದರ ಮೇಲೆ ಸುಣ್ಣದ ಗೀಟು ಎಳೆದಂತೆ ಬಿಳಿಯ ಪಟ್ಟೆಗಳು, ತಿರುಚಿದ ಕೊಂಬು. ಮೂರು ಕೋಲುಗಳ ಆಸರೆಯ ಮೇಲೆ ಬಂದೂಕಿಟ್ಟು ಗುರಿ ಹಿಡಿದರು. ಪಕ್ಕದವನು ‘ತಾಳಿ, ಅದು ತಿರುಗಲಿ’ ಎಂದು ಪಿಸುಗುಟ್ಟಿದ. ಆ ಮಾತು ಕಿವಿಗೆ ಬಿತ್ತು, ಅರ್ಥವೂ ಆಯಿತು. ಆದರೆ ಬೆರಳು ಅಷ್ಟರಲ್ಲಿ ಕೆಲಸ ಮುಗಿಸಿತ್ತು. ಗುಂಡು ಹೆಗಲಿನ ಹಿಂದೆ ಬೀಳುವ ಬದಲು ಹೊಟ್ಟೆಗೆ ಬಿತ್ತು. ಪ್ರಾಣಿ ಗೂನುಬೆನ್ನು ಮಾಡಿ ಪೊದೆಯೊಳಗೆ ಮರೆಯಾಯಿತು.

ದಿನವೆಲ್ಲ ಹುಡುಕಿದರು. ಹೆಜ್ಜೆ ಹಿಡಿಯುವ ಇಬ್ಬರು ಸ್ಥಳೀಯರು ಎಲೆಯ ಮೇಲಿನ ಒಂದೊಂದು ಹನಿಯನ್ನೂ ನೋಡುತ್ತ ಮುಂದೆ, ಹಿಂದೆ ಇವರು. ಅಲ್ಲಿಯ ಕಟ್ಟಳೆ ಏನೆಂದರೆ ಒಂದು ಹನಿ ರಕ್ತ ಬಿದ್ದರೂ ಪ್ರಾಣಿ ಸಿಗಲಿ ಬಿಡಲಿ ಪೂರ್ತಿ ಬೆಲೆ ತೆರಬೇಕು. ‘ಆ ಹಣದ ನೆನಪೇ ನನಗಾಗಲಿಲ್ಲ,’ ಎಂದರು. ಕತ್ತಲಾಯಿತು, ಬಿಡಾರಕ್ಕೆ ಮರಳಿದರು. ರಾತ್ರಿಯೆಲ್ಲ ಎಚ್ಚರ. ಈ ಬಾರಿ ಗಡಿಯಾರದ ದೆಸೆಯಿಂದಲ್ಲ. ಮರುದಿನ ಮಧ್ಯಾಹ್ನ, ಒಣಗಿದ ಹಳ್ಳವೊಂದರಲ್ಲಿ ಮಲಗಿದ್ದ ಪ್ರಾಣಿ ಸಿಕ್ಕಿತು, ಇನ್ನೂ ಜೀವವಿತ್ತು. ತಲೆಯೆತ್ತಿ ಇವರನ್ನು ನೋಡಿತಂತೆ. ಕಸುಬಿನವನು ಬಂದೂಕೆತ್ತಿದಾಗ ಇವರು ಅವನನ್ನು ತಡೆದು, ತಾವೇ ಆ ಕೆಲಸ ಮುಗಿಸಿದರು. ಉಳಿದ ಐದು ದಿನ ಬಂದೂಕನ್ನು ಪೆಟ್ಟಿಗೆಯಿಂದ ತೆಗೆಯಲಿಲ್ಲ.

‘ಗುಂಡು ಹಾರಿಸುವಾಗ ನಾನು ಎಚ್ಚರವಾಗಿಯೇ ಇದ್ದೆ, ಪ್ರೊಫೆಸರ್. ಆದರೆ ನಾನು ಅಲ್ಲಿರಲಿಲ್ಲ,’ ಎಂದರು. ನಾನು ಏನು ಹೇಳಲಿ? ಸಮಾಧಾನ ಹೇಳುವುದು ಸುಳ್ಳಾಗುತ್ತಿತ್ತು. ಬಯ್ಯುವುದಕ್ಕೆ ಅವರು ಏನನ್ನೂ ಉಳಿಸಿರಲಿಲ್ಲ.

ಬೇಟೆ ಸರಿಯೆ ತಪ್ಪೆ ಎಂಬ ದೊಡ್ಡ ವಾದಕ್ಕೆ ಇಲ್ಲಿ ಎಡೆಯಿಲ್ಲ. ಕೆನ್ಯ ದೇಶ ೧೯೭೭ರಲ್ಲಿ ಅದನ್ನು ನಿಷೇಧಿಸಿತು. ಬೋಟ್ಸ್ವಾನ ೨೦೧೪ರಲ್ಲಿ ನಿಲ್ಲಿಸಿ ೨೦೧೯ರಲ್ಲಿ ಮತ್ತೆ ತೆರೆಯಿತು. ಬೇಟೆಯ ಹಣವಿಲ್ಲದಿದ್ದರೆ ಆ ನೆಲದಲ್ಲಿ ಕುಡುವಿನ ಬದಲು ದನ ಮೇಯುತ್ತಿದ್ದುವೆಂದು ದಕ್ಷಿಣ ಆಫ್ರಿಕದವರು ಹೇಳುತ್ತಾರೆ. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ; ಒಪ್ಪಿಕೊಳ್ಳಲೂ ಮನಸ್ಸು ಬಾರದು. ೨೦೧೫ರ ಜುಲೈಯಲ್ಲಿ ಜಿಂಬಾಬ್ವೆಯ ಸೆಸಿಲ್ ಎಂಬ ಸಿಂಹವನ್ನು ಅಮೆರಿಕದ ಬೇಟೆಗಾರನೊಬ್ಬ ಬಾಣದಿಂದ ಗಾಯಗೊಳಿಸಿ, ಹಲವು ಗಂಟೆಗಳ ಮೇಲೆ ಕೊಂದಾಗ ಲೋಕವೆಲ್ಲ ಕೆರಳಿತು. ಆ ಆಗಸ್ಟಿನಲ್ಲಿಯೇ ಡೆಲ್ಟ ವಿಮಾನ ಸಂಸ್ಥೆಯು ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ ಈ ಐದರ ತಲೆ ತೊಗಲುಗಳನ್ನು ಸಾಗಿಸುವುದಿಲ್ಲವೆಂದು ಸಾರಿತು. ಜನರನ್ನು ಅಷ್ಟೊಂದು ಕೆರಳಿಸಿದ್ದು ಸಾವೊಂದೇ ಅಲ್ಲ, ಆ ಗಂಟೆಗಳೂ ಎಂದು ನನಗೆ ತೋರುತ್ತದೆ.

ನಮ್ಮ ಪುರಾಣಗಳಲ್ಲಿ ಬೇಟೆಗಾರರಿಗೆ ಒದಗಿದ ಆಪತ್ತುಗಳೆಲ್ಲ ನನಗೆ ಆ ಸಂಜೆ ಒಂದೊಂದಾಗಿ ನೆನಪಿಗೆ ಬಂದುವು. ಕಾಣದೆ ಬರಿಯ ಸದ್ದಿಗೆ ಬಾಣ ಬಿಟ್ಟ ದಶರಥ. ಬೇಟೆಯಾಡಿ ದಣಿದು, ವಿಶ್ವಾಮಿತ್ರನ ಆಶ್ರಮದ ಬಳಿ ಮಡದಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿ ಕೆಟ್ಟ ಕನಸು ಕಂಡ ರಾಘವಾಂಕನ ಹರಿಶ್ಚಂದ್ರ. ಅವರಿಗೆ ಸದ್ದು ಕೇಳಿದೊಡನೆ ಕೈ ಮುಂದಾಯಿತು, ಅಥವಾ ದಣಿವು ಮುಂದಾಯಿತು. ಇದನ್ನು ಮುರುಕು ಇಂಗ್ಲಿಷಿನಲ್ಲಿ ಅವರಿಗೆ ಹೇಳಿದೆ. ದಶರಥನ ಕಥೆಯನ್ನು ಎರಡು ಬಾರಿ ಹೇಳಿಸಿಕೊಂಡರು.

ನಾನೂ ನಗುವ ಸ್ಥಿತಿಯಲ್ಲಿ ಉಳಿಯಲಿಲ್ಲವೆಂಬುದನ್ನು ಹೇಳಿಬಿಡಬೇಕು. ಬೆಂಗಳೂರಿಗೂ ಅಟ್ಲಾಂಟಕ್ಕೂ ಬೇಸಗೆಯಲ್ಲಿ ಒಂಬತ್ತೂವರೆ ಗಂಟೆಯ ಅಂತರ. ನಾನು ಬಂದಿಳಿದದ್ದು ಭಾನುವಾರ ರಾತ್ರಿ. ಸೋಮವಾರ ಬೆಳಗಿನ ಒಂಬತ್ತಕ್ಕೇ ತರಗತಿ. ರಜೆ ಹಾಕೆಂದು ಮನೆಯಾಕೆ ಹೇಳಿದಳು. ‘ನಿದ್ದೆಗೆಟ್ಟರೆ ಕನ್ನಡ ಮರೆಯುತ್ತದೆಯೆ?’ ಎಂದು ಗತ್ತಿನಿಂದ ಹೊರಟೆ. ಪಾಠ ಹರಿಶ್ಚಂದ್ರ ಕಾವ್ಯವೇ. ಐವತ್ತು ನಿಮಿಷ, ಮಕ್ಕಳು ಕಣ್ಣು ಪಿಳುಕಿಸದೆ ಕೇಳಿದರು. ನನ್ನ ವಾಗ್ಮಿತೆಯೇ ಕಾರಣವೆಂದು ಹಿಗ್ಗಿದೆ. ಗಂಟೆ ಬಾರಿಸಿದ ಮೇಲೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಬಹಳ ಸಂಕೋಚದಿಂದ, ‘ಸಾರ್, ಹರಿಶ್ಚಂದ್ರನಿಗೆ ಕಷ್ಟ ಕೊಟ್ಟವರು ವಸಿಷ್ಠರೋ ವಿಶ್ವಾಮಿತ್ರರೋ?’ ಎಂದು ಕೇಳಿದಳು. ಐವತ್ತು ನಿಮಿಷವೂ ಇಬ್ಬರು ಋಷಿಗಳನ್ನೂ ಅದಲುಬದಲು ಮಾಡಿ, ಹರಿಶ್ಚಂದ್ರನ ಸತ್ಯವನ್ನು ಎತ್ತಿಹಿಡಿದ ವಸಿಷ್ಠನ ಕೈಯಲ್ಲಿಯೇ ಅವನನ್ನು ಸುಡುಗಾಡಿಗೆ ಕಳುಹಿಸಿದ್ದೆ! ಅಟ್ಲಾಂಟದಲ್ಲಿ ಆಗ ರಾತ್ರಿ ಹನ್ನೆರಡೂವರೆಯ ಸಮಯ.

ಮರುದಿನ ಪಾಠವನ್ನು ಮೊದಲಿನಿಂದ ಮಾಡಿದೆ. ನನ್ನ ತಪ್ಪನ್ನು ಮೊದಲಿನಿಂದ ಮಾಡಬಹುದಾಗಿತ್ತು.

ಮೊನ್ನೆ ತಂಗಿ ದೂರವಾಣಿಯಲ್ಲಿ ಮಾತಾಡುತ್ತ ನೆರೆಮನೆಯ ಸುದ್ದಿ ಹೇಳಿದಳು. ಅವರು ಮುಂದಿನ ವರ್ಷ ಮತ್ತೆ ಹೊರಟಿದ್ದಾರೆ. ಈ ಸಲ ಹೆಂಡತಿಯೂ ಜೊತೆಗೆ. ಬಂದೂಕು ಒಯ್ಯಬೇಕೆ ಬೇಡವೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ತೀರ್ಮಾನವಾಗಿರುವುದೆಂದರೆ, ಹೊರಡುವ ಮೊದಲಿನ ಒಂದು ವಾರ ದಿನಕ್ಕೆ ಒಂದು ಗಂಟೆಯಂತೆ ಬೇಗ ಮಲಗಿ ಬೇಗ ಏಳುವುದು, ವಿಮಾನದಲ್ಲಿ ದ್ರಾಕ್ಷಾರಸ ಮುಟ್ಟದಿರುವುದು, ಇಳಿದ ಮೇಲೆ ನಾಲ್ಕು ದಿನ ಏನನ್ನೂ ಮಾಡದೆ ಬಿಡಾರದ ಜಗಲಿಯಲ್ಲಿ ಹತ್ತು ಗಂಟೆಯ ಬಿಸಿಲಿಗೆ ಕುಳಿತಿರುವುದು. ಆ ನಾಲ್ಕು ದಿನ ಓದುವುದಕ್ಕೆ ರಾಮಾಯಣದ ಒಳ್ಳೆಯ ಇಂಗ್ಲಿಷ್ ಅನುವಾದವೊಂದನ್ನು ಸೂಚಿಸಬೇಕೆಂದು ನನ್ನನ್ನು ಕೇಳಿದ್ದಾರಂತೆ. ಹಂದಿಯ ಚರ್ಮದ ಹೊದಿಕೆ ಬೇಕಾಗಿಲ್ಲವೆಂದೂ ಹೇಳಿಕಳುಹಿಸಿದ್ದಾರೆ.